ಊಟ ಬಿಟ್ಟ ಮಗಳಿಗೆ ಮನೆಯೋ, ವಾರ್ಡೋ, ಧಾರವಾಡವೋ?

ವಿಜಯಪುರದಲ್ಲಿ ನಾನು ಸಿಸ್ಟರ್ ಆಗಿ 16 ವರ್ಷವಾಯಿತು. ಮೊದಲ 9 ವರ್ಷ ಮೆಡಿಸಿನ್ ವಾರ್ಡು, ಆಮೇಲೆ ಮನೋವೈದ್ಯ ವಿಭಾಗ. ಎರಡೂ ಕಡೆ ನನ್ನ ಟೇಬಲ್ಲಿನ ಮುಂದೆ ಒಂದೇ ಬಗೆಯ ತಾಯಂದಿರು ಬಂದು ನಿಂತಿದ್ದಾರೆ. ಕೈಯಲ್ಲಿ ದಪ್ಪ ಫೈಲು, ಅದರೊಳಗೆ ಎಂಡೋಸ್ಕೋಪಿ, ಸ್ಕ್ಯಾನಿಂಗ್, ಥೈರಾಯ್ಡು, ಎಲ್ಲವೂ ನಾರ್ಮಲ್. ಪಕ್ಕದಲ್ಲಿ ಮೇ ತಿಂಗಳ ಬಿಸಿಲಲ್ಲೂ ಸ್ವೆಟರ್ ಹಾಕಿಕೊಂಡು ನಿಂತ ಮಗಳು.

"ಹೊಟ್ಟಿ ಡಾಕ್ಟರ್ ಆತು, ದೇವರ ಹೇಳಿಕಿ ಆತು, ತಾಯತಾನೂ ಕಟ್ಟಿಸಿವಿ. ಇನ್ನ ಎಲ್ಲಿ ತೋರಸೂದ್ರಿ ಸಿಸ್ಟರ್?"

ಈ ಪ್ರಶ್ನೆಗೆ ಒಂದೇ ಸಾಲಿನಲ್ಲಿ ಉತ್ತರ ಹೇಳುವುದು ಕಷ್ಟ. ಮನೆಯಲ್ಲೇ ಇಟ್ಟುಕೊಂಡು ನೋಡಬೇಕೋ, ಮೆಡಿಸಿನ್ ವಾರ್ಡಿಗೆ ಸೇರಿಸಬೇಕೋ, ಮನೋವೈದ್ಯ ವಾರ್ಡೋ, ಧಾರವಾಡ, ಬೆಂಗಳೂರಿಗೆ ಒಯ್ಯಬೇಕೋ? ಒಂದೊಂದಕ್ಕೂ ಅದರದೇ ಕಾಲವಿದೆ. ಹೆಚ್ಚಿನ ಮನೆಗಳಲ್ಲಿ ಇದನ್ನು ತೀರ್ಮಾನಿಸುವುದು "ಮಂದಿ ಏನಂತಾರ" ಎನ್ನುವ ಅಂಜಿಕೆ. ತೀರ್ಮಾನಿಸಬೇಕಾದದ್ದು ಮಗಳ ನಾಡಿ. ನಾನು ಈ ಬರಹಕ್ಕೆ ಕೂತಿರುವುದೇ ಅದನ್ನು ಹೇಳುವುದಕ್ಕೆ.

ಈ ಮಕ್ಕಳ ಜಡ್ಡಿಗೆ ಈಟಿಂಗ್ ಡಿಸಾರ್ಡರ್ ಎನ್ನುತ್ತಾರೆ, ಊಟದ ಸುತ್ತ ಬೆಳೆಯುವ ಮನಸ್ಸಿನ ಕಾಯಿಲೆ. ಅದು ಮುಂಬಯಿ, ಪುಣೆಯ ಹುಡುಗಿಯರ ಜಡ್ಡು ಎಂದು ನಮ್ಮ ಕಡೆ ತಿಳಿದವರು ಬಹಳ. ನಮ್ಮ ಹುಡುಗಿಯರಲ್ಲಿ ಎಷ್ಟೋ ಜನ "ದಪ್ಪ ಆಗ್ತೀನಿ" ಎನ್ನುವುದೇ ಇಲ್ಲ. "ಹೊಟ್ಟಿ ಉಬ್ಬರಿಸೇತಿ, ಪಿತ್ತ ಆಗೇತಿ, ನುಂಗಾಕ ಬರವಲ್ದು" ಎನ್ನುತ್ತಾರೆ. ಕೆಲವರಲ್ಲಿ ಅದು ವ್ರತದ ಸೆರಗಿನಲ್ಲಿ ಅಡಗಿರುತ್ತದೆ. ಮೊದಲು ಸೋಮವಾರ, ಆಮೇಲೆ ಗುರುವಾರ, ಸಂಕಷ್ಟಿ, ಏಕಾದಶಿ. ಶ್ರಾವಣ ಮುಗಿದರೂ ಉಪವಾಸ ಮುಗಿಯುವುದಿಲ್ಲ. ಅಜ್ಜಿಗೆ ಮೊಮ್ಮಗಳ ಭಕ್ತಿ ಕಂಡು ಸಂತೋಷ. ಸೊಂಟದ ಎಲುಬು ಎದ್ದು ಕಂಡ ಮೇಲೆ ಗಾಬರಿ.

ಮೊದಲು ನಾಡಿ, ಆಮೇಲೆ ಮಾತು

ಬೆಳಿಗ್ಗೆ ಮಗಳನ್ನು ಕೂರಿಸಿ, ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಬುಡಕ್ಕೆ ಮೂರು ಬೆರಳಿಟ್ಟು ಪೂರ್ತಿ ಒಂದು ನಿಮಿಷ ನಾಡಿ ಎಣಿಸಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ನಡುವೆ ತಪ್ಪುವ ಬಡಿತ ಗೊತ್ತಾಗುವುದಿಲ್ಲ. ಎಚ್ಚರವಿರುವಾಗಲೂ 50ಕ್ಕಿಂತ ಕಡಿಮೆ ಇದ್ದರೆ ಅವತ್ತೇ ದವಾಖಾನೆಗೆ ಹೊರಡಿ. 40ಕ್ಕಿಂತ ಕಡಿಮೆಯಾದರೆ ಬೆಳಗಾಗುವ ತನಕ ಕಾಯಬೇಡಿ.

ನೋಡಬೇಕಾದದ್ದು ಇನ್ನೂ ಇದೆ. ಬಿಪಿಯ ಮೇಲಿನ ಅಂಕಿ 90ಕ್ಕಿಂತ ಕೆಳಗೆ. ಥರ್ಮಾಮೀಟರಿನಲ್ಲಿ 96 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಡಿಮೆ. ಎದ್ದು ನಿಂತರೆ ಕಣ್ಣಿಗೆ ಕತ್ತಲೆ. ಕುಕ್ಕರುಗಾಲಲ್ಲಿ ಕೂತವಳಿಗೆ ಕೈ ಊರದೆ ಏಳಲು ಆಗದಿರುವುದು. ಮೂರರಿಂದ ಆರು ತಿಂಗಳೊಳಗೆ ತೂಕದಲ್ಲಿ 15 ಶೇಕಡಾಕ್ಕಿಂತ ಹೆಚ್ಚು ಇಳಿಕೆ, ಅಂದರೆ 50 ಕಿಲೋ ಇದ್ದವಳು 42ಕ್ಕೆ ಬಂದಿರುವುದು. ಹತ್ತು ದಿನದಿಂದ ಚಹಾ, ನೀರು ಬಿಟ್ಟು ಹೊಟ್ಟೆಗೆ ಏನೂ ಹೋಗದಿರುವುದು. ಇವುಗಳಲ್ಲಿ ಒಂದು ಕಂಡರೂ ಮನೆಯೋ ವಾರ್ಡೋ ಎಂಬ ಚರ್ಚೆ ಬೇಡ, ಆಸ್ಪತ್ರೆಯೇ.

ಎರಡು ಕಡೆ ಜನ ಮೋಸ ಹೋಗುತ್ತಾರೆ. ಮೊದಲನೆಯದು ರಕ್ತದ ರಿಪೋರ್ಟು. ದೇಹ ತನ್ನ ಎಲುಬು, ಮಾಂಸವನ್ನೇ ಕರಗಿಸಿ ರಕ್ತದ ಲೆಕ್ಕವನ್ನು ಬಹಳ ದಿನ ಸರಿಯಾಗಿ ಇಟ್ಟುಕೊಂಡಿರುತ್ತದೆ. ಆದ್ದರಿಂದ ನಾರ್ಮಲ್ ರಿಪೋರ್ಟು ಬಂತೆಂದು ನಿಶ್ಚಿಂತೆಯಿಂದ ಕೂರಬೇಡಿ. ಎರಡನೆಯದು ಕಣ್ಣಿನ ಅಂದಾಜು. ಮೊದಲು 80 ಕಿಲೋ ಇದ್ದು ನಾಲ್ಕು ತಿಂಗಳಲ್ಲಿ 58 ಆದವಳನ್ನು ಕಂಡು ಎಲ್ಲರೂ "ಛಲೋ ಆತು, ಸಣ್ಣಾದಿ" ಎನ್ನುತ್ತಾರೆ. ಅವಳ ಹೃದಯವೂ ಅಷ್ಟೇ ಸೋತಿರುತ್ತದೆ.

ಸಲಾಯಿನ್ ಊಟದ ಬದಲಿಗೆ ಬರುವುದಿಲ್ಲ

ಇದನ್ನು ಆಯ್ಕೆಗಳ ಪಟ್ಟಿಗೆ ಸೇರಿಸಲೇಬಾರದಿತ್ತು. ಆದರೂ ನಮ್ಮ ಕಡೆ ಎಲ್ಲರೂ ಮೊದಲು ಹಿಡಿಯುವ ದಾರಿ ಇದೇ. "ಎರಡ ಬಾಟ್ಲಿ ಸಲಾಯಿನ್ ಹಚ್ರಿ, ಶಕ್ತಿ ಬಂದ್ರ ಊಟಾ ತಾನ ಮಾಡ್ತಾಳ." ಹಳ್ಳಿಯ ಕ್ಲಿನಿಕ್ಕಿನಲ್ಲಿ ಹಚ್ಚಿಯೂ ಬಿಡುತ್ತಾರೆ.

ಲೆಕ್ಕ ನೋಡಿ. ಬರೀ ಉಪ್ಪುನೀರಿನ ಬಾಟಲಿಯಲ್ಲಿ ಶಕ್ತಿ ಸೊನ್ನೆ. ಅರ್ಧ ಲೀಟರಿನ 5 ಶೇಕಡಾ ಗ್ಲೂಕೋಸ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಗ್ಲೂಕೋಸು, ಹೆಚ್ಚೆಂದರೆ 100 ಕ್ಯಾಲೊರಿ. 50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ ಅದಕ್ಕಿಂತ ಹೆಚ್ಚಿದೆ. ಒಂದು ಹಿಡಿ ಶೇಂಗಾದಲ್ಲೂ ಹೆಚ್ಚಿದೆ. ನಾಲ್ಕು ತಾಸು ಕೈ ಮಡಚದೆ ಮಲಗಿ ಪಡೆದದ್ದು ಅರ್ಧ ರೊಟ್ಟಿಯಷ್ಟು ಶಕ್ತಿ.

ಇಷ್ಟೇ ಆಗಿದ್ದರೆ ದುಡ್ಡು ಹೋಯಿತು ಎಂದುಕೊಳ್ಳಬಹುದಿತ್ತು. ವಾರಗಟ್ಟಲೆ ಉಪವಾಸವಿದ್ದ ದೇಹಕ್ಕೆ ವಿಟಮಿನ್ ಬಿ1, ಅಂದರೆ ಥಯಮಿನ್ ಕೊಡದೆ ಗ್ಲೂಕೋಸ್ ಹರಿಸಿದರೆ ಮೆದುಳಿಗೇ ಏಟು ಬೀಳಬಹುದು. ಗ್ಲೂಕೋಸ್ ಕರಗಿಸಲು ಬೇಕಾದ ಥಯಮಿನ್ ದೇಹದಲ್ಲಿ ಉಳಿದಿರುವುದಿಲ್ಲ. ಆದ್ದರಿಂದ ಯಾರಾದರೂ ಬಾಟಲಿ ಏರಿಸಲು ಬಂದರೆ "ಥಯಮಿನ್ ಕೊಟ್ರೇನ್ರಿ?" ಎಂದು ಕೇಳಿ. ಕೇಳುವ ಹಕ್ಕು ನಿಮಗಿದೆ.

ಮೆಡಿಸಿನ್ ವಾರ್ಡು: ಮೊದಲ ಹತ್ತು ದಿನಕ್ಕೆ

ನಾಡಿ ಕುಸಿದವಳಿಗೆ ಬೇಕಾದದ್ದು ಮಾನಿಟರ್ ಇರುವ ಹಾಸಿಗೆ. ಮನಸ್ಸಿನ ಮಾತು ಆಮೇಲೆ. ಹದಿನೆಂಟು ತುಂಬದಿದ್ದರೆ ಸಾಮಾನ್ಯವಾಗಿ ಮಕ್ಕಳ ವಿಭಾಗ, ತುಂಬಿದ್ದರೆ ಮೆಡಿಸಿನ್. ಕುಟುಂಬಗಳಿಗೆ ಅರ್ಥವಾಗದ ಸಂಗತಿಯೆಂದರೆ, ಉಪವಾಸವಿದ್ದಾಗ ಇದ್ದ ಅಪಾಯ ಊಟ ಶುರುವಾದ ಮೇಲೆ ಇನ್ನಷ್ಟು ಹೆಚ್ಚುತ್ತದೆ.

ಹಸಿದ ದೇಹ ಕೊಬ್ಬು ಸುಟ್ಟುಕೊಂಡು ನಡೆಯುತ್ತಿರುತ್ತದೆ. ಒಮ್ಮೆಲೇ ಅನ್ನ, ಸಕ್ಕರೆ ಬಿದ್ದರೆ ಇನ್ಸುಲಿನ್ ಏರುತ್ತದೆ, ರಕ್ತದಲ್ಲಿದ್ದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಎಲ್ಲ ಜೀವಕೋಶದೊಳಗೆ ನುಗ್ಗುತ್ತವೆ. ರಕ್ತದಲ್ಲಿ ಅವು ಬರಿದಾಗುತ್ತಲೇ ಹೃದಯದ ತಾಳ ತಪ್ಪುತ್ತದೆ, ಉಸಿರು ಸೋಲುತ್ತದೆ. ರೀಫೀಡಿಂಗ್ ಸಿಂಡ್ರೋಮ್ ಎಂದರೆ ಇದು. ಎರಡನೇ ಮಹಾಯುದ್ಧ ಮುಗಿದಾಗ ಸೆರೆಯಿಂದ ಬಿಡುಗಡೆಯಾದ ಹಸಿದ ಜನ ಹೊಟ್ಟೆ ತುಂಬ ಉಂಡು ಸತ್ತದ್ದನ್ನು ಕಂಡ ಮೇಲೆಯೇ ವೈದ್ಯಲೋಕ ಇದನ್ನು ಗಂಭೀರವಾಗಿ ತೆಗೆದುಕೊಂಡಿತು. ಮೊದಲ ವಾರ ಹೆಚ್ಚು ಅಪಾಯ, ಎರಡನೆಯ ವಾರದವರೆಗೂ ಕಣ್ಣಿಟ್ಟಿರಬೇಕು.

ಹೀಗಾಗಿ ಒಳ್ಳೆಯ ವಾರ್ಡು ಎಂದು ತಿಳಿಯುವುದು ಹವಾನಿಯಂತ್ರಣದಿಂದಲ್ಲ. ದಿನಾ ಬೆಳಿಗ್ಗೆ ಯಾವ ರಕ್ತ ಪರೀಕ್ಷೆ ಬರೆಯುತ್ತಾರೆ ಎಂದು ನೋಡಿ. ‘ಎಲೆಕ್ಟ್ರೋಲೈಟ್ಸ್’ ಎಂದು ಬರೆದರೆ ಬಹಳಷ್ಟು ಲ್ಯಾಬುಗಳು ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಅಷ್ಟೇ ಮಾಡುತ್ತವೆ. ಫಾಸ್ಫರಸ್ (ಫಾಸ್ಫೇಟ್ ಅಳೆಯುವ ಪರೀಕ್ಷೆ ಇದೇ), ಮೆಗ್ನೀಸಿಯಂ ಬೇರೆ ಬರೆಯಬೇಕು. ಅಡ್ಮಿಟ್ ಮಾಡುವ ಮೊದಲೇ ಡ್ಯೂಟಿ ಡಾಕ್ಟರನ್ನು ಕೇಳಿ: ಫಾಸ್ಫರಸ್ ಇಲ್ಲೇ ಆಗುತ್ತದೆಯೇ, ರಿಪೋರ್ಟು ಅವತ್ತೇ ಬರುತ್ತದೆಯೇ? ಇಲ್ಲ ಎಂದರೆ ಬೇರೆ ಆಸ್ಪತ್ರೆ ನೋಡುವುದು ಒಳ್ಳೆಯದು.

ಸಿಸ್ಟರ್ ಕೆಲಸ ಇಲ್ಲಿ ಬಹಳ ಸಣ್ಣ ಸಣ್ಣ ಸಂಗತಿಗಳಲ್ಲಿರುತ್ತದೆ. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ಆಸ್ಪತ್ರೆಯ ತೆಳು ಗೌನಿನಲ್ಲಿ, ಅದೇ ತಕ್ಕಡಿಯಲ್ಲಿ ತೂಕ. ಅಂಕಿ ಅವಳಿಗೆ ಕಾಣದಂತೆ ಬೆನ್ನು ತಿರುಗಿಸಿ ನಿಲ್ಲಿಸುತ್ತೇವೆ. ಒಂದೇ ರಾತ್ರಿಯಲ್ಲಿ ಒಂದು ಕಿಲೋ ಏರಿದ್ದರೆ ಖುಷಿಪಡುವುದಿಲ್ಲ. ಪಾದ ಒತ್ತಿ ಬಾವು ಇದೆಯೇ ನೋಡುತ್ತೇವೆ, ಬೆಳಗಿನ ಜಾವ ನೀರು ಕುಡಿದಳೇ ಎಂದು ವಿಚಾರಿಸುತ್ತೇವೆ. ಹಾಗೆ ಕುಡಿದ ನೀರಿಗೆ ಸೋಡಿಯಂ ಇಳಿದು ಫಿಟ್ಸ್ ಬಂದವರಿದ್ದಾರೆ.

ಒಂದು ರಾತ್ರಿ ಪಾಳಿಯಲ್ಲಿ ಹಾಸಿಗೆಯ ಕಬ್ಬಿಣದ ಕಾಲಿನ ಗುಂಟ ಕೆಂಪಿರುವೆ ಸಾಲು ಹತ್ತುತ್ತಿದ್ದವು. ಟಾರ್ಚ್ ಹಿಡಿದು ಹಿಂಬಾಲಿಸಿದರೆ ದಿಂಬಿನ ಕವರಿನೊಳಗೆ ಹೋದವು. ಅಲ್ಲಿ ಕಾಗದದಲ್ಲಿ ಮಡಚಿಟ್ಟ ನಾಲ್ಕು ತುಂಡು ರೊಟ್ಟಿ, ಅರ್ಧ ಶೇಂಗಾ ಉಂಡಿ. ಹುಡುಗಿ ಎಚ್ಚರವಿದ್ದಳು, ನನ್ನನ್ನೇ ನೋಡುತ್ತಿದ್ದಳು. ಚಾರ್ಟಿನಲ್ಲಿ ಮೂರು ದಿನದಿಂದ ‘ಪೂರ್ತಿ ಊಟ ಮಾಡಿದ್ದಾಳೆ’ ಎಂದು ನಾವೇ ಬರೆದಿದ್ದೆವು. ಮೂವತ್ತು ಹಾಸಿಗೆಗೆ ಇಬ್ಬರೇ ಇದ್ದಾಗ ಊಟದ ತಾಟಿನ ಮುಂದೆ ಕೂರಲು ಯಾರಿಗೂ ಪುರಸೊತ್ತಿರಲಿಲ್ಲ. ಅವಳನ್ನು ಬೈಯಲಿಲ್ಲ. ಇರುವೆ ಕೊಡವಿ, ದಿಂಬಿನ ಕವರು ಬದಲಿಸಿ, ಮರುದಿನದಿಂದ ನಮ್ಮಲ್ಲಿ ಒಬ್ಬರು ಅವಳ ಜತೆ ಕೂತೇ ಉಣ್ಣಿಸಬೇಕೆಂದು ತೀರ್ಮಾನ ಮಾಡಿದೆವು.

ಮೆಡಿಸಿನ್ ವಾರ್ಡಿನ ಮಿತಿ ಇದೇ. ಹೃದಯ ಕಾಯುತ್ತಾರೆ, ತಾಟು ಕಾಯುವವರು ಕಡಿಮೆ. ನಾಡಿ 50 ದಾಟಿ, ರಕ್ತದ ಅಂಕಿ ನೆಟ್ಟಗಾದ ಮೇಲೆ ಅಲ್ಲಿ ಹೆಚ್ಚು ದಿನ ಇಟ್ಟುಕೊಂಡರೆ ಲಾಭವಿಲ್ಲ.

ಬಾಯಿಂದಲೋ, ಮೂಗಿನ ನಳಿಕೆಯಿಂದಲೋ

ನಮ್ಮ ಕಡೆ ಮೂಗಿನ ನಳಿಕೆ ಕಂಡರೆ ಮನೆಯವರ ಜೀವವೇ ಹಾರಿಹೋಗುತ್ತದೆ, ಏಕೆಂದರೆ ಅದನ್ನು ಅವರು ನೋಡಿರುವುದು ಹಾಸಿಗೆ ಹಿಡಿದ ಮುದುಕರ ಕೊನೆಯ ದಿನಗಳಲ್ಲಿ. ಇಲ್ಲಿ ಅದರ ಅರ್ಥ ಬೇರೆ. ಮೊದಲ ಆದ್ಯತೆ ಬಾಯಿಂದ ಊಟ. ತಾಟಿನಲ್ಲಿ ಉಳಿದಷ್ಟಕ್ಕೆ ಬದಲಾಗಿ ಹಾಲಿನಂಥ ಪೌಷ್ಟಿಕ ದ್ರವ. ಅದೂ ಆಗದೆ ದೇಹ ಅಪಾಯದಲ್ಲಿದ್ದರೆ ಕೆಲವು ದಿನದ ಮಟ್ಟಿಗೆ ನಳಿಕೆ. ನಳಿಕೆ ಹೊಟ್ಟೆಯಲ್ಲೇ ಇದೆ ಎಂದು ಖಾತ್ರಿ ಮಾಡಿಕೊಳ್ಳದೆ ಮೊದಲ ಹನಿಯನ್ನೂ ಬಿಡಬಾರದು. ಮತ್ತೆ, "ಉಣ್ಣಲಿಲ್ಲಂದ್ರ ಮೂಗಿನ್ಯಾಗ ಪೈಪ್ ಹಾಕ್ತಾರ ನೋಡ" ಎಂದು ಹೆದರಿಸಬೇಡಿ. ನಾಳೆ ನಿಜವಾಗಿ ಬೇಕಾದಾಗ ಅದು ಅವಳಿಗೆ ಶಿಕ್ಷೆಯಾಗಿ ಕಾಣುತ್ತದೆ.

ಮನೋವೈದ್ಯ ವಾರ್ಡು

ಇದಕ್ಕೆ ಜನ ಹೆದರುತ್ತಾರೆ, ಅದರಲ್ಲೂ ಮದುವೆಗೆ ಬಂದ ಮಗಳಿದ್ದರೆ. ಹೆದರಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಏನಿದೆ, ಏನಿಲ್ಲ ಎಂದು ತಿಳಿದುಕೊಂಡು ಹೆದರಿ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಪ್ರಕಾರ ಹದಿನೆಂಟು ತುಂಬದವರನ್ನು ದೊಡ್ಡವರ ಜತೆ ಇಡುವಂತಿಲ್ಲ, ಬೇರೆ ಜಾಗ ಕೊಡಬೇಕು. ಪಾಲಕರು ಅಥವಾ ಅವರು ನೇಮಿಸಿದವರು ದಾಖಲಾದ ಅಷ್ಟೂ ದಿನ ಮಗುವಿನ ಜತೆಗೇ ಇರಬೇಕು. ಹುಡುಗಿಯಾಗಿದ್ದು ಪಾಲಕರು ಗಂಡಸಾಗಿದ್ದರೆ ಜತೆಗೆ ಹೆಣ್ಣುಮಗಳೊಬ್ಬಳು ಇರಲೇಬೇಕು. ಅಂದರೆ ಮಗಳನ್ನು ಒಳಗೆ ಬಿಟ್ಟು ಬಾಗಿಲು ಹಾಕಿಕೊಂಡು ಬರುವ ಮಾತೇ ಇಲ್ಲ. ಅದೇ ಕಾಯಿದೆ, ದೇಹದ ಕಾಯಿಲೆಗೆ ಇರುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕೆಂದು ವಿಮಾ ಕಂಪನಿಗಳಿಗೆ ಹೇಳುತ್ತದೆ. ಬಿಪಿಎಲ್ ಕಾರ್ಡಿನವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಬಗ್ಗೆ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಅಡ್ಮಿಷನ್‌ಗೆ ಮೊದಲೇ ಕೇಳಿ.

ಮೆಡಿಸಿನ್ ವಾರ್ಡಿಗೆ ಹೋಲಿಸಿದರೆ ಇಲ್ಲಿ ತಾಟಿನ ಮುಂದೆ ಕೂರುವ ಸಿಸ್ಟರ್ ಇದ್ದಾರೆ, ಊಟವಾದ ಮೇಲೆ ಒಂದು ತಾಸು ಬಚ್ಚಲುಮನೆಗೆ ಒಬ್ಬಳನ್ನೇ ಬಿಡದ ಶಿಸ್ತಿದೆ, ದಿನಾ ಮಾತಾಡಿಸುವವರಿದ್ದಾರೆ. ಸಾಯುವ ಮಾತಾಡುವವಳಿಗೆ, ಕೈ ಕೊಯ್ದುಕೊಂಡವಳಿಗೆ, ಮನೆಯಲ್ಲಿ ತಿಂಗಳುಗಟ್ಟಲೆ ಪ್ರಯತ್ನಿಸಿಯೂ ತೂಕ ಏರದವಳಿಗೆ ಇದೇ ಸರಿಯಾದ ಜಾಗ. ಆದರೆ ಹೃದಯ ಸೋತವಳನ್ನು ನೇರ ಇಲ್ಲಿಗೆ ತರಬಾರದು. ನಾನು ಮೊದಲು ಕೆಲಸ ಮಾಡಿದ ಒಂದು ಕಡೆ "ಮಾನಸಿಕ ಕೇಸು" ಎಂದು ಚೀಟಿ ಬರೆದು, ಇಸಿಜಿ ಕೂಡ ತೆಗೆಯದೆ ಒಬ್ಬಳನ್ನು ನಮ್ಮ ವಾರ್ಡಿಗೆ ಕಳಿಸಿದ್ದರು. ನಾಡಿ 38. ಮಧ್ಯರಾತ್ರಿ ಸ್ಟ್ರೆಚರ್ ತಳ್ಳಿಕೊಂಡು ಐಸಿಯು ಬಾಗಿಲಿಗೆ ಓಡಿದ್ದು ಇನ್ನೂ ಕಾಲಲ್ಲಿದೆ.

ಹೀಗಾಗಿ ನನ್ನ ಸಲಹೆ ಒಂದೇ: ಎರಡೂ ವಿಭಾಗ ಒಂದೇ ಆವರಣದಲ್ಲಿರುವ ಆಸ್ಪತ್ರೆ ಆರಿಸಿ. ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಲ್ಲಿ ಮೆಡಿಸಿನ್, ಮಕ್ಕಳ ವಿಭಾಗ, ಮನೋವೈದ್ಯ ಮೂರೂ ಇರುತ್ತವೆ. ವಿಜಯಪುರದಲ್ಲಿ ಬಿಎಲ್‌ಡಿಇಯ ಬಿ.ಎಂ. ಪಾಟೀಲ ಕಾಲೇಜಿನ ಆಸ್ಪತ್ರೆ, ಬಾಗಲಕೋಟೆಯ ನವನಗರದಲ್ಲಿ ಕುಮಾರೇಶ್ವರ ಆಸ್ಪತ್ರೆ, ಬೆಳಗಾವಿಯಲ್ಲಿ ಬಿಮ್ಸ್ ಜಿಲ್ಲಾ ಆಸ್ಪತ್ರೆ ಮತ್ತು ಕೆಎಲ್‌ಇ ಪ್ರಭಾಕರ ಕೋರೆ ಆಸ್ಪತ್ರೆ. ಒಬ್ಬರೇ ಡಾಕ್ಟರ್ ಇರುವ ನರ್ಸಿಂಗ್ ಹೋಮ್ ಎಷ್ಟೇ ಪರಿಚಯದ್ದಾದರೂ ಈ ಜಡ್ಡಿಗೆ ಸಾಲದು.

ಮನೆ: ಎಲ್ಲಕ್ಕಿಂತ ಕಷ್ಟದ, ಹೆಚ್ಚು ಜನರಿಗೆ ಹೊಂದುವ ದಾರಿ

ನಾಡಿ, ಬಿಪಿ ನೆಟ್ಟಗಿದ್ದು ಹುಡುಗಿ ಹದಿನೆಂಟರೊಳಗಿದ್ದರೆ ನಾನು ಮನೆಯನ್ನೇ ಆರಿಸುತ್ತೇನೆ. ವಾರಕ್ಕೊಮ್ಮೆ ಓಪಿಡಿ, ಉಳಿದಂತೆ ಮನೆಯ ತಾಟು. 1980ರ ದಶಕದಲ್ಲಿ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ರೂಪುಗೊಂಡ ಕುಟುಂಬ ಚಿಕಿತ್ಸೆಯ ಮೂಲ ಹೇಳಿಕೆ ಸರಳ: ತಂದೆತಾಯಿಯಿಂದ ಜಡ್ಡು ಬಂದದ್ದಲ್ಲ, ಆದರೆ ಜಡ್ಡು ಬಿಡಿಸಲು ಅವರಿಗಿಂತ ಒಳ್ಳೆಯ ನರ್ಸ್ ಇಲ್ಲ. ಮೊದಲ ಹಂತದಲ್ಲಿ ಊಟದ ಪೂರ್ತಿ ಅಧಿಕಾರ ತಂದೆತಾಯಿಗೆ. ತೂಕ ಬಂದ ಮೇಲೆ ಸ್ವಲ್ಪ ಸ್ವಲ್ಪವಾಗಿ ಮಗಳ ಕೈಗೆ. ಕೊನೆಗೆ ಓದು, ಗೆಳತಿಯರು, ಮುಂದಿನ ಬದುಕು. ಆರು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ. ಜಡ್ಡು ಶುರುವಾಗಿ ಮೂರು ವರ್ಷದೊಳಗಿದ್ದರೆ ಫಲ ಹೆಚ್ಚು. ಕೂಡಿ ಉಣ್ಣುವ ರೂಢಿ ಇನ್ನೂ ಉಳಿದಿರುವ ನಮ್ಮ ಮನೆಗಳಿಗೆ ಇದು ಚೆನ್ನಾಗಿ ಕೂಡುತ್ತದೆ ಎಂದು ನನ್ನ ನಂಬಿಕೆ.

ದಿನಕ್ಕೆ ಮೂರು ಊಟ, ಮೂರು ಸಣ್ಣ ತಿನಿಸು. ಊಟಕ್ಕೆ ಅರ್ಧ ತಾಸು, ತಿನಿಸಿಗೆ ಹದಿನೈದು ನಿಮಿಷ. ಆಮೇಲೆ ಒಂದು ತಾಸು ಜತೆಗಿರಬೇಕು. ಟಿವಿ ನೋಡಿ, ಚೌಕಾಬಾರ ಆಡಿ, ಅವರೆ ಸುಲಿಯಿರಿ, ಏನಾದರೂ ಸರಿ. ತಾಟಿಗೆ ಬಡಿಸುವವರು ನೀವು. ಸದ್ಯಕ್ಕೆ ಮಗಳು ಅಡುಗೆಮನೆಗೆ ಬರುವುದು ಬೇಡ. ವಾರಕ್ಕೆ ಅರ್ಧ ಕಿಲೋ ಏರಿದರೆ ಸಾಕು.

ಏನು ಬಡಿಸುವುದು? ಇಲ್ಲಿ ನಮ್ಮ ಊಟದ ಹೆಮ್ಮೆಯನ್ನು ಸ್ವಲ್ಪ ದಿನ ಬದಿಗಿಡಬೇಕಾಗುತ್ತದೆ. ಜೋಳದ ರೊಟ್ಟಿ, ಪುಂಡಿಪಲ್ಯ, ಹಸಿ ಮೆಂತ್ಯ, ಗಜ್ಜರಿ, ಸವತೆಕಾಯಿ ಆರೋಗ್ಯಕ್ಕೆ ಒಳ್ಳೆಯವೇ. ಆದರೆ ಬಹಳ ದಿನ ಖಾಲಿ ಬಿದ್ದ ಹೊಟ್ಟೆ ನಿಧಾನ ಖಾಲಿಯಾಗುತ್ತದೆ, ನಾರು ಹೆಚ್ಚಾದರೆ ಎರಡು ತುತ್ತಿಗೇ ಉಬ್ಬರ. ಅವಳು "ಹೊಟ್ಟಿ ತುಂಬೇತಿ" ಎನ್ನುವುದು ಪೂರ್ತಿ ಸುಳ್ಳಲ್ಲ. ಆದ್ದರಿಂದ ಪ್ರಮಾಣ ಕಡಿಮೆ, ಕಸುವು ಹೆಚ್ಚು ಇರುವಂಥದ್ದು: ತುಪ್ಪ ಹಾಕಿದ ಮೆತ್ತನೆಯ ಅನ್ನ, ಎಮ್ಮೆ ಹಾಲು, ಗಟ್ಟಿ ಮೊಸರಿನಲ್ಲಿ ಕಲಸಿದ ಶೇಂಗಾ ಹಿಂಡಿ, ಹಾಲು ತುಪ್ಪದ ಮಾದಲಿ, ಒಂದು ತುಂಡು ಕರದಂಟು. ಹಾಲು, ಶೇಂಗಾದಲ್ಲಿ ದೇಹಕ್ಕೆ ಆಗ ಬೇಕಾದ ಫಾಸ್ಫರಸ್ಸೂ ಇದೆ. ಬರೀ ಅಂಬಲಿ ಕುಡಿಸಿ ಉಂಡಳು ಎಂದುಕೊಳ್ಳಬೇಡಿ. ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುವುದಿಲ್ಲ. ಆದರೆ ಗಮನಿಸಿ, ಹತ್ತಿರ ಹತ್ತಿರ ಏನೂ ತಿನ್ನದೇ ಇದ್ದವಳಿಗೆ ಮೊದಲ ದಿನವೇ ಇದನ್ನೆಲ್ಲ ಸುರಿಯುವಂತಿಲ್ಲ. ಎಷ್ಟರಿಂದ ಶುರು ಎಂದು ಡಾಕ್ಟರ್ ಹೇಳಬೇಕು.

ತಾಟಿನ ಮುಂದೆ ಏನು ಮಾತಾಡುತ್ತೀರಿ ಎನ್ನುವುದು ಏನು ಬಡಿಸಿದಿರಿ ಎನ್ನುವಷ್ಟೇ ಮುಖ್ಯ. ತುತ್ತು ಹಿಡಿದ ಕೈ ಬಾಯಿಯ ಹತ್ತಿರ ಬಂದು ನಡುಗುತ್ತ ನಿಲ್ಲುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಆ ಗಳಿಗೆಯಲ್ಲಿ "ನನ್ನ ಆಣಿ ಐತಿ ತಿನ್ನವ್ವಾ" ಎಂದರೆ ಅವಳ ಮೇಲೆ ಇನ್ನೊಂದು ಭಾರ ಹೇರಿದಂತೆ. "ನಾ ಇಲ್ಲೇ ಕುಂತೀನಿ. ಇದು ನಿನ್ನ ಔಷಧಿ. ಇನ್ನೊಂದು ತುತ್ತು" ಎನ್ನಿ. ಮತ್ತೆ ಸುಮ್ಮನಿರಿ. ಅತ್ತರೆ ಅಳಲಿ, ತಾಟು ಎತ್ತಬೇಡಿ. ವಾದಕ್ಕೆ ಇಳಿದರೆ ವಾದ ಬೆಳೆಯುತ್ತದೆ, ರೊಟ್ಟಿ ಆರುತ್ತದೆ.

ಒಂದು ಮಾತನ್ನಂತೂ ಮನೆಮಂದಿಗೆಲ್ಲ ಹೇಳಿಟ್ಟಿರಿ. ನಾಲ್ಕು ಕಿಲೋ ಏರಿದ ಮಗಳನ್ನು ಕಂಡು ಬಂದ ಬೀಗರು ಪ್ರೀತಿಯಿಂದಲೇ "ಈಗ ನೋಡ ಹೆಂಗ ಮೈಕೈ ತುಂಬ್ಯಾವ" ಎನ್ನುತ್ತಾರೆ. ನಮ್ಮಲ್ಲಿ ಅದು ಹರಕೆಯ ಮಾತು. ಅವಳ ಕಿವಿಗೆ ಅದು ‘ದಪ್ಪ ಆದಿ’ ಎಂದೇ ಬೀಳುತ್ತದೆ. ಒಂದು ವಾಕ್ಯಕ್ಕೆ ಎರಡು ವಾರದ ಶ್ರಮ ನೀರುಪಾಲಾದದ್ದನ್ನು ಕಂಡಿದ್ದೇನೆ. ಮೈಯ ಬಗ್ಗೆ ಒಳ್ಳೆಯದೂ ಬೇಡ, ಕೆಟ್ಟದ್ದೂ ಬೇಡ.

ಸಿಟ್ಟು, ಹಟ, ಬಚ್ಚಿಡುವುದು, ಸದಾ ಅಡುಗೆಯ ವಿಡಿಯೋ ನೋಡುತ್ತ ಬೇರೆಯವರಿಗೆಲ್ಲ ಮಾಡಿ ಬಡಿಸಿ ತಾನು ಉಣ್ಣದಿರುವುದು, ಇವನ್ನು ಮಗಳ ಗುಣ ಎಂದುಕೊಳ್ಳಬೇಡಿ. 1944-45ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ 36 ಆರೋಗ್ಯವಂತ ಗಂಡಸರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದ್ದರು. ಅವರೂ ಹೀಗೆಯೇ ಆದರು: ಸಿಡುಕು, ಒಂಟಿತನ, ಹಗಲೂರಾತ್ರಿ ಊಟದ್ದೇ ಯೋಚನೆ, ಅಡುಗೆ ಪುಸ್ತಕ ಓದುವ ಹುಚ್ಚು. ಹಸಿವು ಮೆದುಳಿಗೆ ಮಾಡುವ ಕೆಲಸ ಅದು. ಮೈ ತುಂಬುತ್ತ ಹೋದಂತೆ ಮಗಳು ಮರಳಿ ಬರುತ್ತಾಳೆ.

ಕೂಡು ಕುಟುಂಬದ ತೊಡಕು ಒಂದಿದೆ. ತಾಯಿ ಬಡಿಸುತ್ತಾಳೆ, ಅಜ್ಜಿ "ಇರ್ಲಿ ಬಿಡವ್ವಾ, ಕೂಸಿಗೆ ಒತ್ತಾಯ ಮಾಡಬ್ಯಾಡ" ಎನ್ನುತ್ತಾಳೆ, ಕಾಕಾ ಚೇಷ್ಟೆ ಮಾಡುತ್ತಾನೆ. ಮೊದಲೇ ಎಲ್ಲರನ್ನೂ ಕೂರಿಸಿ ಒಂದೇ ಮಾತಿಗೆ ಬರಬೇಕು. ಅಪ್ಪನೂ ದಿನಕ್ಕೆ ಒಂದು ಊಟಕ್ಕಾದರೂ ಎದುರಿಗೆ ಕೂರಬೇಕು, ಅದು ತಾಯಿಯೊಬ್ಬಳ ಕೆಲಸವಾದರೆ ಎರಡು ತಿಂಗಳಲ್ಲಿ ಅವಳೇ ಹಾಸಿಗೆ ಹಿಡಿಯುತ್ತಾಳೆ.

ಮನೆ ಹೊಂದದ ಸಂದರ್ಭವೂ ಇದೆ. ಹೊಡೆತ ಬಡಿತದ ಮನೆ, ಕುಡಿತದ ಮನೆ, ಮದುವೆಯ ಒತ್ತಾಯವೇ ಜಗಳದ ಮೂಲವಾಗಿರುವ ಮನೆ. ಅಲ್ಲಿ ವಾರ್ಡೇ ಹೆಚ್ಚು ಸುರಕ್ಷಿತ. ಪಿಯು ಹಾಸ್ಟೆಲಿನಲ್ಲಿ ಇಟ್ಟುಕೊಂಡು ವಾಸಿ ಮಾಡುತ್ತೇವೆ ಎನ್ನುವುದು ಆಗದ ಮಾತು. ವೈದ್ಯರ ಪ್ರಮಾಣಪತ್ರ ಕೊಟ್ಟು ಮನೆಗೆ ಕರೆತನ್ನಿ. ಮದುವೆಯಾದ ಹೆಣ್ಣುಮಕ್ಕಳಿಗೆ ಗಂಡನ ಜತೆಯಿಲ್ಲದೆ ತವರಿನವರು ಮಾತ್ರ ನಿಂತರೆ ಸಾಲದು. ದೊಡ್ಡವರಿಗೆ ಒತ್ತಾಯದ ಊಟಕ್ಕಿಂತ ಮಾತಿನ ಚಿಕಿತ್ಸೆ, ಅವರದೇ ಒಪ್ಪಿಗೆ ಮುಖ್ಯ.

ದಿನಗೂಲಿಗೆ ನರ್ಸ್ ಇಟ್ಟುಕೊಂಡರೆ ಹೇಗೆ ಎಂದು ಅನುಕೂಲಸ್ಥರು ಕೇಳುತ್ತಾರೆ. ವಾರಕ್ಕೆ ಎರಡು ಸಲ ತೂಕ, ನಾಡಿ, ಬಿಪಿ ನೋಡಿ ಬರೆದಿಡಲು ಇಟ್ಟುಕೊಳ್ಳಿ. ತಾಟಿನ ಮುಂದೆ ನೀವೇ ಕೂರಿ.

ಧಾರವಾಡ, ಬೆಂಗಳೂರು

ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಬೆಳಗಾವಿಯವರಿಗೆ ಸುಮಾರು 80 ಕಿಲೋಮೀಟರು, ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ವಿಜಯಪುರದಿಂದ ಅದು 200ರ ಆಸುಪಾಸು. ವಾರ ವಾರ ಹೋಗುವ ಮಾತಲ್ಲ. ನಮ್ಮಂಥವರು ಒಮ್ಮೆ ಹೋಗಿ ಚಿಕಿತ್ಸೆಯ ದಾರಿ ಬರೆಸಿಕೊಂಡು ಬಂದು, ಪಾಲನೆಯನ್ನು ಊರಲ್ಲೇ ಮಾಡುವುದು ಒಳ್ಳೆಯದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳು ಮತ್ತು ಹದಿಹರೆಯದವರಿಗೇ ಬೇರೆ ವಿಭಾಗವಿದೆ. ಇಲ್ಲಿ ಎರಡು ಸಲ ಅಡ್ಮಿಟ್ ಆಗಿಯೂ ಮತ್ತೆ ಬಿದ್ದವರಿಗೆ, ರೋಗವೇನೆಂದೇ ತಿಳಿಯದವರಿಗೆ ಆ ಪ್ರಯಾಣ ಸಾರ್ಥಕ. ನಾಡಿ 42 ಇರುವವಳನ್ನು ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ಕರೆದೊಯ್ಯುವುದು ಮಾತ್ರ ಬೇಡ. ಮೊದಲು ಇಲ್ಲಿ ನೆಟ್ಟಗಾಗಲಿ.

ಬೇರೆ ಅಳತೆ ಬೇಕಾದವರು

ತಿಂದು ಕಕ್ಕುವ ಬುಲಿಮಿಯಾದಲ್ಲಿ ತೂಕ ಸರಿಯಾಗಿಯೇ ಇರುತ್ತದೆ, ಆದ್ದರಿಂದ ಮೇಲಿನ ಲೆಕ್ಕ ನಡೆಯದು. ಬೆರಳ ಗೆಣ್ಣಿನ ಮೇಲೆ ಗಾಯದ ಗುರುತು, ಕಿವಿಯ ಕೆಳಗೆ ಮಂಗನಬಾವಿನಂಥ ಊತ, ಸವೆದ ಹಲ್ಲು ಗಮನಿಸಿ. ಇಲ್ಲಿ ಪೊಟ್ಯಾಸಿಯಂ ಅಂಕಿ ಮುಖ್ಯ. 3ಕ್ಕಿಂತ ಇಳಿದರೆ ಅಥವಾ ವಾಂತಿಯಲ್ಲಿ ರಕ್ತ ಕಂಡರೆ ಅಡ್ಮಿಟ್, ಇಲ್ಲವಾದರೆ ಓಪಿಡಿಯಲ್ಲೇ ಮಾತಿನ ಚಿಕಿತ್ಸೆ. ಫ್ಲೂಆಕ್ಸೆಟಿನ್ ಮಾತ್ರೆ ಇದಕ್ಕೆ ನೆರವಾಗುತ್ತದೆ. ಅನೊರೆಕ್ಸಿಯಾಕ್ಕೆ, ಅಂದರೆ ಊಟ ಬಿಟ್ಟು ಸೊರಗುವ ಜಡ್ಡಿಗೆ, ಹಾಗೆ ವಾಸಿ ಮಾಡುವ ಮಾತ್ರೆ ಇಲ್ಲ, ಊಟವೇ ಔಷಧಿ. ವಾಂತಿಯಾದ ಕೂಡಲೇ ಹಲ್ಲು ಉಜ್ಜಿದರೆ ಇನ್ನಷ್ಟು ಸವೆಯುತ್ತದೆ, ಬರೀ ನೀರಲ್ಲಿ ಬಾಯಿ ಮುಕ್ಕಳಿಸಲಿ. ಸಣ್ಣ ವಯಸ್ಸಿನಲ್ಲೇ ಸಕ್ಕರೆ ಕಾಯಿಲೆ ಬಂದು, ತೂಕಕ್ಕೆ ಹೆದರಿ ಇನ್ಸುಲಿನ್ ಬಿಟ್ಟವಳಿದ್ದರೆ ಅವತ್ತೇ ಆಸ್ಪತ್ರೆ.

ಗಂಡುಹುಡುಗರನ್ನು ಮರೆಯಬೇಡಿ. ಕುಸ್ತಿಗೆ ತೂಕ ಇಳಿಸಲು ನೀರು, ಊಟ ಬಿಡುವ ಗರಡಿಯ ಹುಡುಗರು, ಸೇನಾ ಭರ್ತಿಗೆಂದು ಬೆಳಗಿನ ಜಾವ ಓಡಿ ಓಡಿ ಸೊರಗಿದವರು ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಜಿಲ್ಲೆಯಲ್ಲಿದ್ದಾರೆ. ಪಂದ್ಯ, ಭರ್ತಿ ಮುಗಿದ ಮೇಲೂ ಊಟಕ್ಕೆ ಮರಳದಿದ್ದರೆ ಅದೂ ಇದೇ ಜಡ್ಡು. ಅವರ ನಾಡಿ ಕಡಿಮೆ ಇದ್ದರೆ "ಕಸರತ್ತಿನ ಮೈ" ಎಂದು ಬಿಟ್ಟುಬಿಡುತ್ತಾರೆ, ಇಸಿಜಿ ತೆಗೆಸಿ.

ಡಿಸ್ಚಾರ್ಜ್ ಚೀಟಿಯ ಜತೆ ಇನ್ನೊಂದು ಹಾಳೆ

ಯಾವ ದಾರಿ ಹಿಡಿದರೂ ಮೊದಲ ಮಾತಿಗೆ 14416ಕ್ಕೆ ಫೋನ್ ಮಾಡಬಹುದು. 2022ರಲ್ಲಿ ಶುರುವಾದ ಟೆಲಿ ಮಾನಸ್, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ. ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ವ್ಯವಸ್ಥೆಯೂ ಇದೆ. ನಿಮ್ಮ ತಾಲೂಕಿನಲ್ಲಿ ಯಾವ ವೇಳೆಗೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ.

ವಾರ್ಡಿನಿಂದ ಮನೆಗೆ ಹೊರಡುವ ದಿನ ನಾನು ಒಂದು ಹಾಳೆ ಬರೆಸುತ್ತೇನೆ. ಊಟದ ವೇಳೆ, ಯಾವ ಊಟಕ್ಕೆ ಯಾರು ಎದುರಿಗೆ ಕೂರುವವರು, ಮುಂದಿನ ರಕ್ತ ಪರೀಕ್ಷೆಯ ತಾರೀಖು, ನಾಡಿ ಎಷ್ಟಕ್ಕೆ ಇಳಿದರೆ ಕೇಳದೆ ವಾಪಸ್ ಕರೆತರಬೇಕು. ಮಗಳೆದುರೇ ಬರೆಯುತ್ತೇವೆ, ಆಮೇಲೆ ಅದರ ಮೇಲೆ ಚೌಕಾಸಿ ಇಲ್ಲ. ಆ ಹಾಳೆಯನ್ನು ಅಡುಗೆಮನೆಯ ಕ್ಯಾಲೆಂಡರ್ ಮೊಳೆಗೆ ಸಿಕ್ಕಿಸಿ. ತೂಕದ ಅಂಕಿ ಮಾತ್ರ ಅದರಲ್ಲಿ ಬೇಡ, ಅದು ನಿಮ್ಮ ಪರ್ಸಿನೊಳಗೆ ಇರಲಿ.